ಮನೆಯ ಚಿತ್ರಭಂಡಾರ: ಸಂಗ್ರಹಣೆ ಮತ್ತು ಪ್ರದರ್ಶನ

ಕಂಡುದನ್ನು ಮತ್ತೆ ಕಾಣಬೇಕು, ಕೇಳಿದ ದನಿಯನ್ನು ಮತ್ತೊಮ್ಮೆ ಕೇಳಬೇಕು ಎಂಬ ಹಂಬಲವು ಮನುಷ್ಯನಿಗೆ ಸಹಜವಾದುದು. ಹಿಂದಿನವರು ಈ ಹಂಬಲವನ್ನು ಕಲ್ಲಿನಲ್ಲಿಯೂ ಓಲೆಗರಿಯಲ್ಲಿಯೂ ತೀರಿಸಿಕೊಂಡರು. ಇಂದಿನವರಿಗೆ ಚಲಿಸುವ ಚಿತ್ರವೇ ಕೈವಶವಾಗಿದೆ. ಮಗುವಿನ ನಾಮಕರಣ, ಮಗಳ ಮದುವೆ, ಹಿರಿಯರ ಷಷ್ಟಿಪೂರ್ತಿ, ಶಾಲೆಯ ವಾರ್ಷಿಕೋತ್ಸವ ಮೊದಲಾದುವೆಲ್ಲ ಮೊದಲು ವಿಡಿಯೊ ಕ್ಯಾಸೆಟ್ಟಿನಲ್ಲಿ, ಅನಂತರ ಸಿ.ಡಿ., ಡಿ.ವಿ.ಡಿ.ಗಳಲ್ಲಿ, ಈಚೆಗೆ ಮೊಬೈಲಿನಲ್ಲಿ ಸೆರೆಯಾಗಿವೆ. ಇವೆಲ್ಲವನ್ನೂ ಅಂಗೈಯಗಲದ ಒಂದು ಪೆಟ್ಟಿಗೆಯಲ್ಲಿ, ಅಂದರೆ ಹಾರ್ಡ್‌ಡಿಸ್ಕಿನಲ್ಲಿ, ತುಂಬಿಡುವುದು ಈಗ ಸಾಧ್ಯವಾಗಿದೆ. ಆದರೆ ತುಂಬಿಡುವುದು ಬೇರೆ, ಉಳಿಸುವುದು ಬೇರೆ. ಈ ಭೇದವನ್ನು ಅರಿಯದೆ ಹೋದರೆ ಎಂತಹ ನಷ್ಟವಾದೀತೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ದೃಷ್ಟಾಂತವಿದೆ.

ಬೆಂಗಳೂರಿನ ನಂದಿನಿ ಬಡಾವಣೆಯ ನೆರೆಯಲ್ಲಿ 1966ರಲ್ಲಿ ಸ್ಥಾಪಿತವಾದ ಕಂಠೀರವ ಸ್ಟುಡಿಯೊ ಇದೆ. ವರನಟ ಡಾ. ರಾಜ್‌ಕುಮಾರ್ ಅವರ ಸಮಾಧಿಯೂ ಅಲ್ಲಿಯೇ ಇರುವುದರಿಂದ ಆ ಸ್ಥಳವು ಕನ್ನಡಿಗರಿಗೆಲ್ಲ ಪರಿಚಿತವಾದುದು. ಇಂತಹ ಸ್ಟುಡಿಯೊಗಳಿಗೆ ದಾರಿ ತೆರೆದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ಅದರ ನಿರ್ದೇಶಕರು. ಬೆಳ್ಳಾವೆ ನರಹರಿಶಾಸ್ತ್ರಿಗಳು ಸಂಭಾಷಣೆಯನ್ನೂ ಗೀತೆಗಳನ್ನೂ ಬರೆದವರು. ಸುಬ್ಬಯ್ಯನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅಭಿನಯಿಸಿದವರು. ಜನ ಕಿಕ್ಕಿರಿದು ನೋಡಿದ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆಗಿನ ನೈಟ್ರೇಟ್ ಫಿಲ್ಮು ಬೇಗ ಶಿಥಿಲವಾಗತಕ್ಕದ್ದು, ಕಿಡಿ ಸೋಕಿದರೆ ಭಗ್ಗನೆ ಉರಿಯತಕ್ಕದ್ದು. 2003ರ ಜನವರಿಯಲ್ಲಿ ಪುಣೆಯ ಉಗ್ರಾಣವೊಂದರಲ್ಲಿ ಬೆಂಕಿ ಬಿದ್ದು ಇಂತಹ ಅನೇಕ ಹಳೆಯ ಚಿತ್ರಗಳು ಭಸ್ಮವಾದುವು. ಇದಕ್ಕೆ ಪ್ರತಿಯಾಗಿ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು (1977) ನೋಡಬಹುದು. ಅದರ ಮೂಲವು ಉಳಿದಿದ್ದುದರಿಂದ ಪುನರುಜ್ಜೀವನಗೊಳಿಸಲು ಸಾಧ್ಯವಾಗಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ಮತ್ತೆ ಬೆಳಕು ಕಂಡಿತು.

ಪ್ರಸಿದ್ಧ ಚಿತ್ರಗಳ ಪಾಡೇ ಹೀಗಿದ್ದರೆ ಮನೆಯ ಚಿತ್ರಗಳ ಗತಿಯೇನು? ಸಿನಿಮಾಕ್ಕಾದರೋ ಹತ್ತಾರು ಪ್ರತಿಗಳಿದ್ದುವು. ಮದುವೆಯ ಕ್ಯಾಸೆಟ್ಟಿಗೆ ಇದ್ದುದು ಒಂದೋ ಎರಡೋ. 1976ರಲ್ಲಿ ಜಪಾನಿನಲ್ಲಿ ಹುಟ್ಟಿದ ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿ ಚಿತ್ರವು ಪ್ಲಾಸ್ಟಿಕ್ ಪಟ್ಟಿಯ ಮೇಲಿನ ಅಯಸ್ಕಾಂತೀಯ ಲೇಪದಲ್ಲಿ ನೆಲೆಸಿರುತ್ತದೆ. ಮಳೆಗಾಲದ ತೇವಕ್ಕೆ ಆ ಪಟ್ಟಿಗೆ ಬೂಷ್ಟು ಹಿಡಿಯುವುದು. ವರ್ಷಗಳು ಕಳೆದಂತೆ ಸಂಕೇತವು ಕ್ಷೀಣಿಸುವುದು. ಪಟ್ಟಿ ಚೆನ್ನಾಗಿಯೇ ಇದ್ದರೂ ಅದನ್ನು ನಡೆಸುವ ಯಂತ್ರ ಬೇಕಷ್ಟೆ! ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯಾದ ಜಪಾನಿನ ಫುನಾಯ್ 2016ರಲ್ಲಿ ಆ ಕಾರ್ಯವನ್ನು ನಿಲ್ಲಿಸಿತು. 2025ರ ಸುಮಾರಿಗೆ ಇಂತಹ ಯಂತ್ರಗಳು ದುರ್ಲಭವಾಗುವುವೆಂದು ಯುನೆಸ್ಕೊ 2019ರಲ್ಲಿಯೇ ಎಚ್ಚರಿಸಿತ್ತು. ಆದುದರಿಂದ ಪೆಟ್ಟಿಗೆಯ ತಳದಲ್ಲಿರುವ ಕ್ಯಾಸೆಟ್ಟುಗಳನ್ನು ಅಂಕೀಯ ರೂಪಕ್ಕೆ ತಿರುಗಿಸುವ ಕಾರ್ಯವನ್ನು ಮುಂದೂಡತಕ್ಕದ್ದಲ್ಲ.

ಹಾರ್ಡ್‌ಡಿಸ್ಕಿನ ಸ್ವರೂಪ

1956ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊದಲ ಹಾರ್ಡ್‌ಡಿಸ್ಕಿನಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದುವು; ಟನ್ನಿಗೂ ಮಿಗಿಲಾದ ತೂಕವಿದ್ದ ಆ ಯಂತ್ರದಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದಿನ ಅಂಗೈಯಗಲದ ಡಿಸ್ಕಿನ ತತ್ತ್ವವೂ ಅದೇ. ಅಯಸ್ಕಾಂತೀಯ ಲೇಪವುಳ್ಳ ನುಣುಪಾದ ತಟ್ಟೆಯು ಕುಂಬಾರನ ತಿಗರಿಯಂತೆ ತಿರುಗುತ್ತಿರುತ್ತದೆ. ಆದರೆ ಅದರ ವೇಗ ನಿಮಿಷಕ್ಕೆ 5400 ಸುತ್ತು. ಓದು-ಬರೆಹಗಳನ್ನು ಮಾಡುವ ಸೂಕ್ಷ್ಮವಾದ ಮೊನೆಯು ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಡಿಸ್ಕು ತಿರುಗುತ್ತಿರುವಾಗ ಮೇಜಿನಿಂದ ಕೆಳಗೆ ಬಿದ್ದರೆ ಮೊನೆ ತಟ್ಟೆಯನ್ನು ಗೀರಿ, ಕ್ಷಣಮಾತ್ರದಲ್ಲಿ ಮೂವತ್ತು ವರ್ಷದ ಸಂಗ್ರಹವನ್ನು ನಾಶಮಾಡಬಲ್ಲದು. ಅದು ಗಟ್ಟಿ ಪೆಟ್ಟಿಗೆಯಂತೆ ಕಂಡರೂ ಸುಕುಮಾರವಾದ ಯಂತ್ರವೆಂಬುದನ್ನು ಮರೆಯಬಾರದು.

ಗಾತ್ರದ ಲೆಕ್ಕವನ್ನು ಮೊದಲೇ ಮಾಡಿಕೊಳ್ಳುವುದು ಲೇಸು. ತಯಾರಕರ ಲೆಕ್ಕದಲ್ಲಿ ಒಂದು ಟೆರಾಬೈಟ್ ಎಂದರೆ 1000 ಗಿಗಾಬೈಟ್. ಕಂಪ್ಯೂಟರಿನಲ್ಲಿ ಅದು ಸುಮಾರು 931 ಎಂದು ತೋರಿದರೆ ಮೋಸವೆಂದು ಭಾವಿಸಬೇಕಾಗಿಲ್ಲ. ಅದು 1000ದ ಬದಲು 1024ರ ಮಾನದಲ್ಲಿ ಎಣಿಸುತ್ತದೆ, ಅಷ್ಟೆ. ಮಿನಿ ಡಿ.ವಿ. ಕ್ಯಾಸೆಟ್ಟಿನ ಒಂದು ಗಂಟೆಯ ಚಿತ್ರವನ್ನು ಇದ್ದಂತೆಯೇ ಇಳಿಸಿಕೊಂಡರೆ ಸುಮಾರು 13 ಗಿಗಾಬೈಟ್ ಬೇಕು. ಆ ಪ್ರಕಾರ ಒಂದು ಟೆರಾಬೈಟಿನಲ್ಲಿ ಸುಮಾರು 75 ಗಂಟೆಯ ಚಿತ್ರ ಹಿಡಿಸೀತು. ಅದನ್ನೇ ಸೆಕೆಂಡಿಗೆ 4 ಮೆಗಾಬಿಟ್ಟಿನ ಪ್ರಮಾಣದಲ್ಲಿ ಸಂಕ್ಷೇಪಿಸಿದರೆ ಗಂಟೆಗೆ 1.8 ಗಿಗಾಬೈಟ್ ಸಾಕು. ಆಗ 500 ಗಂಟೆಗಿಂತ ಹೆಚ್ಚು ಹಿಡಿಸುವುದು.

ತುಂಬುವ ಕ್ರಮ

ಸಂಕ್ಷೇಪದಲ್ಲಿ ಲಾಭವಿರುವಂತೆ ನಷ್ಟವೂ ಉಂಟು. ಒಮ್ಮೆ ಬಿಟ್ಟುಹೋದ ವಿವರವು ಮತ್ತೆ ಬಾರದು. ಆದುದರಿಂದ ಮೊದಲು ಇಳಿಸಿಕೊಂಡ ಪೂರ್ಣರೂಪವನ್ನು 'ಮೂಲ' ಎಂಬ ವಿಭಾಗದಲ್ಲಿ ಹಾಗೆಯೇ ಇಟ್ಟು, ಅದರಿಂದ ನೋಡುವುದಕ್ಕೆಂದು ಬೇರೊಂದು ಚಿಕ್ಕ ಪ್ರತಿಯನ್ನು ಮಾಡಿಕೊಳ್ಳುವುದು ಉತ್ತಮ ಪಕ್ಷ. ನೋಡುವ ಪ್ರತಿಗೆ ಎಂ.ಪಿ.4 ರೂಪವೂ 2003ರಲ್ಲಿ ನಿಗದಿಯಾದ ಎಚ್.264 ಎಂಬ ಸಂಕ್ಷೇಪಕ್ರಮವೂ ಒಪ್ಪುವಂಥವು. 2013ರ ಎಚ್.265 ಇನ್ನೂ ಕಡಿಮೆ ಜಾಗವನ್ನು ಬೇಡುವುದಾದರೂ ಹಳೆಯ ಟೆಲಿವಿಷನ್ನುಗಳು ಅದನ್ನು ಅರಿಯವು.

ಹೆಸರಿಡುವ ವಿಷಯದಲ್ಲಿ ಅಲಕ್ಷ್ಯ ಸಲ್ಲದು. ಕ್ಯಾಮರಾ ತಾನೇ ಕೊಟ್ಟ ಅಂಕೆಗಳಿಂದ ಹತ್ತು ವರ್ಷಗಳ ಮೇಲೆ ಏನೂ ತಿಳಿಯದು. ಮೊದಲು ವರ್ಷ, ಅನಂತರ ತಿಂಗಳು, ಅನಂತರ ದಿನ, ಆಮೇಲೆ ಸಂದರ್ಭ ಮತ್ತು ಊರು, ಹೀಗೆ '1994-05-22 ಮದುವೆ ತುಮಕೂರು' ಎಂದು ಬರೆದರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುವುವು. ಕೆಲವು ಟೆಲಿವಿಷನ್ನುಗಳಲ್ಲಿ ಕನ್ನಡ ಲಿಪಿ ಮೂಡುವುದಿಲ್ಲ. ಅಲ್ಲಿ ಅಂಕೆಯೊಡನೆ ರೋಮನ್ ಅಕ್ಷರವನ್ನು ಬಳಸುವುದು ಅನಿವಾರ್ಯ. ಚಿತ್ರದಲ್ಲಿರುವವರು ಯಾರಾರೆಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಅವರಿಂದ ಕೇಳಿ, ಒಂದು ಪುಸ್ತಕದಲ್ಲಿ ಬರೆದಿಡಬೇಕು. ಹೆಸರು ತಿಳಿಯದ ಮುಖವು ಅಂಕಿತವಿಲ್ಲದ ಶಾಸನದಂತೆ.

ಡಿಸ್ಕಿನ ಒಳವ್ಯವಸ್ಥೆಗೂ ಹಲವು ಪದ್ಧತಿಗಳಿವೆ. ಫ್ಯಾಟ್ 32 ಎಂಬ ಹಳೆಯ ಪದ್ಧತಿಯಲ್ಲಿ 4 ಗಿಗಾಬೈಟನ್ನು ಮುಟ್ಟುವ ಒಂದೇ ಕಡತವನ್ನು ಇಡಲಾಗದು. 13 ಗಿಗಾಬೈಟಿನ ಕಡತವಂತೂ ಅಲ್ಲಿ ಸಲ್ಲದು. ಎಕ್ಸ್‌ಫ್ಯಾಟ್ ಪದ್ಧತಿಗೆ ಈ ಅಡ್ಡಿಯಿಲ್ಲ. ವಿಂಡೋಸ್, ಮ್ಯಾಕ್ ಎರಡರಲ್ಲಿಯೂ ಅದು ನಡೆಯುತ್ತದೆ. ಆದರೆ ಮನೆಯ ಟೆಲಿವಿಷನ್ ಅದನ್ನು ಗುರುತಿಸುವುದೇ ಎಂಬುದನ್ನು ಡಿಸ್ಕು ಬರಿದಾಗಿರುವಾಗಲೇ ಪರೀಕ್ಷಿಸಿಕೊಳ್ಳತಕ್ಕದ್ದು.

ತೆರೆಯ ಮೇಲೆ ದರ್ಶನ

ಈಗಿನ ಬಹುತೇಕ ಟೆಲಿವಿಷನ್ನುಗಳಲ್ಲಿ ಯು.ಎಸ್.ಬಿ. ಕಿಂಡಿ ಇರುತ್ತದೆ. ಡಿಸ್ಕನ್ನು ಅಲ್ಲಿ ಜೋಡಿಸಿದರೆ ಚಿತ್ರಗಳ ಪಟ್ಟಿ ಮೂಡಬೇಕು. ಮೂಡದೆ ಕಿಟಕಿಟನೆ ಸದ್ದಾದರೆ ವಿದ್ಯುತ್ತು ಸಾಲದಿರಬಹುದು: ಯು.ಎಸ್.ಬಿ. 2.0 ಕಿಂಡಿಗೆ ನಿಗದಿಯಾದುದು 500 ಮಿಲಿಆಂಪಿಯರ್, 3.0ಕ್ಕೆ 900. ಅಂತಹ ಕಡೆ ಪ್ರತ್ಯೇಕ ವಿದ್ಯುತ್ ಸಂಪರ್ಕವುಳ್ಳ ಡಿಸ್ಕು ಅಥವಾ ಪೆನ್‌ಡ್ರೈವು ಅನುಕೂಲ. ಆದರೆ ಬೇರೆ ಯಂತ್ರಕ್ಕೆ ಜೋಡಿಸಿದಾಗಲೂ ಆ ಸದ್ದು ನಿಲ್ಲದಿದ್ದರೆ ಅದು ರೋಗದ ಲಕ್ಷಣ. ಕೂಡಲೇ ಬಳಕೆಯನ್ನು ನಿಲ್ಲಿಸಿ ಬಲ್ಲವರಿಗೆ ತೋರಿಸಬೇಕು. ಚಿತ್ರ ಮೂಡಿ ಧ್ವನಿ ಬಾರದಿದ್ದರೆ, ಧ್ವನಿಯ ರೂಪವನ್ನು ಟೆಲಿವಿಷನ್ ಅರಿಯದೆಂದು ತಿಳಿಯಬೇಕು. ಆಗ ಕಂಪ್ಯೂಟರಿನಲ್ಲಿ ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶದಿಂದ ನಡೆಸಿ, ಎಚ್.ಡಿ.ಎಂ.ಐ. ತಂತಿಯ ಮೂಲಕ ಟೆಲಿವಿಷನ್ನಿನಲ್ಲಿ ನೋಡಬಹುದು.

ಇಲ್ಲಿ ಒಂದು ಮುಖ್ಯವಾದ ಎಚ್ಚರಿಕೆಯಿದೆ. ಕೆಲವು ಟೆಲಿವಿಷನ್ನುಗಳು ಹೊಸ ಡಿಸ್ಕನ್ನು ಕಂಡೊಡನೆ 'ಫಾರ್ಮ್ಯಾಟ್ ಮಾಡಲೆ?' ಎಂದು ಕೇಳುತ್ತವೆ. ಹೌದೆಂದು ಒಪ್ಪಿಕೊಂಡರೆ ಇದ್ದುದೆಲ್ಲವೂ ಅಳಿಸಿಹೋಗುವುದು. ಮಕ್ಕಳ ಕೈಗೆ ರಿಮೋಟ್ ಇರುವ ಮನೆಗಳಲ್ಲಿ ಇದು ಬರಿಯ ಊಹೆಯ ಭಯವಲ್ಲ. ಆದುದರಿಂದ ಟೆಲಿವಿಷನ್ನಿಗೆ ಜೋಡಿಸುವುದು ಯಾವಾಗಲೂ ನೋಡುವ ಪ್ರತಿಯ ಡಿಸ್ಕಾಗಿರಬೇಕು, ಮೂಲದ್ದಲ್ಲ. ತೆಗೆಯುವಾಗಲೂ ತಟ್ಟನೆ ಕೀಳದೆ, ಬೇರ್ಪಡಿಸುವ ಆಜ್ಞೆಯನ್ನು ಕೊಟ್ಟು, ತಿರುಗುವಿಕೆ ನಿಂತ ಮೇಲೆ ತೆಗೆಯುವುದು ಯುಕ್ತ.

ಉಳಿಸುವ ಧರ್ಮ

ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಕರ್ತೃವಿನ ಸ್ವಹಸ್ತದ ಓಲೆ ಇಂದು ಎಲ್ಲಿಯೂ ಇಲ್ಲ. ಗ್ರಂಥ ಮಾತ್ರ ಇದೆ. ಗರಿ ಸವೆಯುವ ಮುನ್ನವೇ ಯಾವನೋ ಲಿಪಿಕಾರನು ಹೊಸ ಗರಿಯ ಮೇಲೆ ಪ್ರತಿ ಮಾಡಿದನು. ಅವನ ಪ್ರತಿಯಿಂದ ಮತ್ತೊಬ್ಬನು ಮಾಡಿದನು. ಮನೆಮನೆಗಳಲ್ಲಿ ಅಡಗಿದ್ದ ಓಲೆಯ ಕಟ್ಟುಗಳನ್ನು ಅರಸಿ ಹೊರಟ ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚಿಗೆ ತಂದುದೂ ಈ ಪರಂಪರೆಯ ಮುಂದುವರಿಕೆಯೇ. ಉಳಿದುದು ಗರಿಯ ಬಲದಿಂದಲ್ಲ, ಪ್ರತಿಯ ಬಲದಿಂದ. ಹಾರ್ಡ್‌ಡಿಸ್ಕಿಗೂ ಇದೇ ಧರ್ಮ ಅನ್ವಯಿಸುತ್ತದೆ. ಅದು ಭಂಡಾರವಲ್ಲ, ಒಂದು ಗರಿ ಮಾತ್ರ.

ತಜ್ಞರು ಇದನ್ನು 'ಮೂರು, ಎರಡು, ಒಂದು' ಎಂಬ ಸೂತ್ರದಲ್ಲಿ ಅಡಕಮಾಡಿದ್ದಾರೆ. ಒಟ್ಟು ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದಾದರೂ ಬೇರೆ ಸ್ಥಳದಲ್ಲಿರಲಿ. ನಂದಿನಿ ಬಡಾವಣೆಯ ಮನೆಯಲ್ಲೊಂದು, ಊರಿನಲ್ಲಿರುವ ಅಣ್ಣನ ಮನೆಯಲ್ಲೊಂದು, ಅಂತರ್ಜಾಲದ ಸಂಗ್ರಹದಲ್ಲೊಂದು ಇದ್ದರೆ ಬೆಂಕಿ, ಕಳವು, ಮಳೆನೀರು ಯಾವುದೂ ಮೂರನ್ನೂ ಒಮ್ಮೆಗೇ ಮುಟ್ಟಲಾರದು. ಪ್ರತಿ ಮಾಡುವ ಶ್ರಮವೂ ಹೆಚ್ಚಿನದಲ್ಲ: ಒಂದು ಟೆರಾಬೈಟನ್ನು ಯು.ಎಸ್.ಬಿ. 3.0 ಮೂಲಕ ನಕಲಿಸಲು ಸುಮಾರು ಮೂರು ಗಂಟೆ, 2.0 ಮೂಲಕ ಎಂಟೊಂಬತ್ತು ಗಂಟೆ ಸಾಕು. ವರ್ಷಕ್ಕೊಮ್ಮೆ, ಆಯುಧಪೂಜೆಯಂತಹ ನಿಶ್ಚಿತ ದಿನದಲ್ಲಿ, ಎಲ್ಲ ಡಿಸ್ಕುಗಳನ್ನೂ ತೆರೆದು ನಾಲ್ಕಾರು ಚಿತ್ರಗಳನ್ನು ನಡೆಸಿ ನೋಡಬೇಕು. ಐದು ವರ್ಷ ತುಂಬಿದ ಡಿಸ್ಕಿನಲ್ಲಿ ದೋಷ ಕಾಣದಿದ್ದರೂ ಹೊಸದಕ್ಕೆ ಪ್ರತಿ ಮಾಡಿಕೊಳ್ಳುವುದು ವಿವೇಕ.

ಈ ಮಾತು ಮನೆಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಶಾಲೆಯ ಹಳೆಯ ವಾರ್ಷಿಕೋತ್ಸವಗಳು, ಮಕ್ಕಳ ನಾಟಕಗಳು, ನಿವೃತ್ತ ಗುರುಗಳ ಬೀಳ್ಕೊಡುಗೆಯ ಭಾಷಣಗಳು ಎಷ್ಟೋ ಹಳೆಯ ವಿದ್ಯಾರ್ಥಿಗಳ ಮನೆಗಳ ಕಪಾಟಿನಲ್ಲಿ ಕ್ಯಾಸೆಟ್ಟುಗಳಾಗಿ ಕುಳಿತಿರಬಹುದು. ಪಾಠ ಹೇಳಿದ ದನಿಗಳು ಅವುಗಳಲ್ಲಿವೆ. ಅಂಥವರು ಅವನ್ನು ಅಂಕೀಯ ರೂಪಕ್ಕೆ ತಂದು, ಒಂದು ಪ್ರತಿಯನ್ನು ತಮ್ಮಲ್ಲಿಟ್ಟುಕೊಂಡು ಮತ್ತೊಂದನ್ನು ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಿದರೆ ಅದು ಶ್ರೇಷ್ಠವಾದ ದಾನವಾದೀತು. ಕೊಟ್ಟಷ್ಟೂ ಕೊಟ್ಟವನ ಭಂಡಾರ ಸುರಕ್ಷಿತವಾಗುವ ದಾನ ವಿದ್ಯಾದಾನವೊಂದೇ ಎಂದು ಹಿರಿಯರು ತಿಳಿದಿದ್ದರು. ಚಿತ್ರಗಳ ಪ್ರತಿಯನ್ನು ಕೊಡುವುದೂ ಆ ಸಾಲಿಗೆ ಸೇರತಕ್ಕದ್ದು.