ಪ್ರತಿಸರ್ವರುಗಳ ಪೂರ್ವಾಪೇಕ್ಷೆಗಳು

ಒಂದು ಯಂತ್ರದಲ್ಲಿರುವ ದತ್ತಾಂಶವನ್ನು ಮತ್ತೊಂದು ಯಂತ್ರದಲ್ಲಿ ಸತತವಾಗಿ ಪ್ರತಿಮಾಡುತ್ತಿರುವುದಕ್ಕೆ ರೆಪ್ಲಿಕೇಷನ್ ಎಂದೂ, ಮೊದಲನೆಯದು ಕೆಟ್ಟಾಗ ಅದರ ಕಾರ್ಯಭಾರವನ್ನು ಎರಡನೆಯದಕ್ಕೆ ಒಪ್ಪಿಸುವುದಕ್ಕೆ ಫೇಲ್‌ಓವರ್ ಎಂದೂ ಹೆಸರು. ಈ ಕಾರ್ಯಕ್ಕೆಂದು ರಚಿತವಾದ ಯಾವ ತಂತ್ರಾಂಶವನ್ನು ತೆಗೆದುಕೊಂಡರೂ ಅದರ ಕೈಪಿಡಿಯ ಆರಂಭದಲ್ಲಿ ಪೂರ್ವಾಪೇಕ್ಷೆಗಳ ಪಟ್ಟಿಯೊಂದು ಇದ್ದೇ ಇರುತ್ತದೆ: ಡೇಟಾಬೇಸಿನ ಆವೃತ್ತಿ ಇಂಥದಿರಬೇಕು, ಡಿಸ್ಕಿನ ಗಾತ್ರ ಇಷ್ಟಿರಬೇಕು, ಜಾಲದ ವಿಳಂಬ ಇಷ್ಟನ್ನು ಮೀರಕೂಡದು, ಇತ್ಯಾದಿ. ಓದುವವರು ಇದನ್ನು ಮಾರಾಟಗಾರನ ಔಪಚಾರಿಕ ಮಾತೆಂದು ಬಗೆದು ಪುಟ ತಿರುವುವುದುಂಟು. ಆ ಪಟ್ಟಿಯ ಒಂದೊಂದು ಸಾಲೂ ಪ್ರತಿಯು ನಿಜವಾಗಿ ಪ್ರತಿಯಾಗಿ ಉಳಿಯಲು ಬೇಕಾದ ನಿಬಂಧನೆಯೆಂಬುದನ್ನು ತೋರಿಸುವುದು ಇಲ್ಲಿ ನಮ್ಮ ಉದ್ದೇಶ.

ಮೊದಲು ಆವೃತ್ತಿಯ ವಿಚಾರ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತನ್ನಲ್ಲಾಗುವ ಬದಲಾವಣೆಗಳನ್ನು ಮೊದಲು ಒಂದು ದಿನಚರಿಯಲ್ಲಿ ಬರೆದಿಟ್ಟು ಅನಂತರ ಮುಖ್ಯ ಕಡತಗಳಿಗೆ ಏರಿಸುತ್ತದೆ. ಪ್ರತಿಸರ್ವರಿಗೆ ಹರಿದುಹೋಗುವುದು ಈ ದಿನಚರಿಯೇ. ಅದರಲ್ಲಿರುವುದು ‘ಇಂಥವರ ವಿಳಾಸ ಬದಲಾಯಿತು’ ಎಂಬ ಅರ್ಥವತ್ತಾದ ವಾಕ್ಯವಲ್ಲ. ಇಂಥ ಕಡತದ ಇಂಥ ಪುಟದ ಇಂಥ ಸ್ಥಾನದಲ್ಲಿ ಇಂಥ ಬೈಟುಗಳು ಬದಲಾದುವೆಂಬ ವರದಿ. ಆದಕಾರಣ ಎರಡು ಯಂತ್ರಗಳಲ್ಲಿಯೂ ಪುಟರಚನೆ ಒಂದೇ ಆಗಿರಬೇಕು. ಮುಖ್ಯ ಆವೃತ್ತಿಯೂ ಯಂತ್ರದ ಜಾತಿಯೂ ಒಂದೇ ಆಗಿರತಕ್ಕದ್ದು. 32 ಬಿಟ್ಟಿನ ಯಂತ್ರದಿಂದ 64 ಬಿಟ್ಟಿನ ಯಂತ್ರಕ್ಕೆ ಈ ವಿಧಾನ ಸಲ್ಲದು. ಅಕ್ಷರವರಿಯದ ಲಿಪಿಕಾರನು ಗೆರೆಗೆ ಗೆರೆ ಎಳೆದು ಪ್ರತಿಮಾಡಬೇಕಾದರೆ ಓಲೆಗರಿಗಳ ಅಳತೆಯಾದರೂ ಸಮವಾಗಿರಬೇಕಷ್ಟೆ!

ದಿನಚರಿಯ ಹಳೆಯ ಭಾಗಗಳನ್ನು ಎಷ್ಟು ಕಾಲ ಉಳಿಸಿಕೊಳ್ಳಬೇಕೆಂಬುದೂ ಹೀಗೆಯೇ ಮುಖ್ಯ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಮುಖ್ಯ ಸರ್ವರಿನ ಮೇಲೆ ವಿಪರೀತ ಹೊರೆ ಬಿದ್ದು, ಪ್ರತಿಸರ್ವರು ಹಿಂದೆ ಉಳಿಯಿತು. ಅದು ಓದಬೇಕಾಗಿದ್ದ ದಿನಚರಿಯ ಭಾಗಗಳು ಅಷ್ಟರಲ್ಲಿ ಅಳಿಸಿಹೋಗಿದ್ದುವು. ಪ್ರತಿಯನ್ನು ಮೊದಲಿನಿಂದ ಕಟ್ಟುವ ಪ್ರಯತ್ನದಲ್ಲಿದ್ದ ಎಂಜಿನಿಯರೊಬ್ಬರು ಪ್ರತಿಸರ್ವರಿನಲ್ಲಿದ್ದೇವೆಂದು ಭಾವಿಸಿ ಮುಖ್ಯ ಸರ್ವರಿನ ಕಡತಗಳನ್ನೇ ಅಳಿಸತೊಡಗಿದರು. ಒಂದೆರಡು ಸೆಕೆಂಡುಗಳಲ್ಲಿ ತಡೆದರೂ ಸುಮಾರು 300 ಗಿಗಾಬೈಟು ನಷ್ಟವಾಗಿತ್ತು. ಆಗ ಪ್ರತಿದಿನದ ಬ್ಯಾಕಪ್ಪನ್ನು ಹುಡುಕಿದರೆ ಅದಿರಬೇಕಾದ ಸ್ಥಳ ಬರಿದಾಗಿತ್ತು. ಡೇಟಾಬೇಸಿನ ಆವೃತ್ತಿ 9.6, ಬ್ಯಾಕಪ್ ತೆಗೆಯುವ ಸಾಧನದ ಆವೃತ್ತಿ 9.2! ಆ ಸಾಧನ ಪ್ರತಿಸಲವೂ ವಿಫಲವಾಗುತ್ತಿದ್ದು, ವೈಫಲ್ಯವನ್ನು ತಿಳಿಸುವ ಮಿಂಚಂಚೆಗಳೂ ವಿಧಿವತ್ತಾದ ಸಹಿಯಿಲ್ಲವೆಂದು ತಿರಸ್ಕೃತವಾಗಿದ್ದುವು. ಸುಮಾರು 6 ಗಂಟೆ ಮೊದಲು ಪರೀಕ್ಷಾಯಂತ್ರಕ್ಕೆಂದು ಕೈಯಾರೆ ತೆಗೆದಿದ್ದ ಒಂದು ಪ್ರತಿ ಆಕಸ್ಮಿಕವಾಗಿ ಉಳಿದಿದ್ದುದರಿಂದ ಸಂಸ್ಥೆ ಚೇತರಿಸಿಕೊಂಡಿತು. ನಡುವಣ 6 ಗಂಟೆಗಳ ದತ್ತಾಂಶ ಮಾತ್ರ ಮರಳಲಿಲ್ಲ. ತಪ್ಪು ಆಜ್ಞೆಯಿತ್ತ ಕೈಯನ್ನು ಲೋಕ ನೆನಪಿಟ್ಟಿದೆ. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಗುರುತರವಾದುದು ಆ ಎರಡು ಅಂಕೆಗಳ ಅಂತರ.

ಇನ್ನು ದೂರದ ನಿಬಂಧನೆ. ಪ್ರತಿಯು ತಲಪಿದ ಮೇಲೆಯೇ ಬರೆಹ ಮುಗಿಯಿತೆನ್ನುವುದು ಒಂದು ಕ್ರಮ. ತನ್ನಲ್ಲಿ ಬರೆದುಕೊಂಡು ಪ್ರತಿಯನ್ನು ಆಮೇಲೆ ಕಳುಹಿಸುವುದು ಇನ್ನೊಂದು. ಮೊದಲನೆಯ ಕ್ರಮಕ್ಕೆ ವಿಂಡೋಸ್ ಸರ್ವರಿನ ಸ್ಟೋರೇಜ್ ರೆಪ್ಲಿಕಾ ವಿಧಿಸುವ ಮಿತಿ, ಹೋಗಿಬರುವ ಕಾಲ ಸರಾಸರಿ 5 ಮಿಲಿಸೆಕೆಂಡು. ಗಾಜಿನ ತಂತಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಲೆಕ್ಕ ಹಾಕಿದರೆ ತಂತಿಯ ಉದ್ದ 500 ಕಿಲೋಮೀಟರನ್ನು ಮೀರುವಂತಿಲ್ಲ. ನಡುವಣ ಉಪಕರಣಗಳ ವಿಳಂಬವನ್ನು ಕಳೆದರೆ ಇನ್ನೂ ಕಡಿಮೆ.

ಎರಡನೆಯ ಕ್ರಮದ ಬೆಲೆಯನ್ನು ಗಿಟ್‌ಹಬ್ ಸಂಸ್ಥೆ 2018ರ ಅಕ್ಟೋಬರ್ 21ರಂದು ತೆತ್ತಿತು. ಅಮೆರಿಕದ ಪೂರ್ವತೀರದಲ್ಲಿ ಉಪಕರಣ ಬದಲಿಸುವಾಗ ಸಂಪರ್ಕ ಕಡಿದದ್ದು ಕೇವಲ 43 ಸೆಕೆಂಡು. ಇತರ ಕೇಂದ್ರಗಳ ಮೇಲ್ವಿಚಾರಕ ತಂತ್ರಾಂಶಗಳು ಬಹುಮತದಿಂದ ಪಶ್ಚಿಮತೀರದ ಸರ್ವರುಗಳಿಗೆ ಪಟ್ಟಗಟ್ಟಿದುವು. ಬಹುಮತದ ಈ ಏರ್ಪಾಡಿಗೆ ಕನಿಷ್ಠ 3 ಮತಗಳು ಬೇಕು. ಇಬ್ಬರೇ ಇದ್ದರೆ, ಜೊತೆಗಾರನು ಸತ್ತನೋ ನಡುವಣ ತಂತಿ ಕಡಿಯಿತೋ ಎಂಬುದನ್ನು ಉಳಿದವನು ತಿಳಿಯಲಾರ. ಆದರೆ ಯಾರು ಮುಖ್ಯರೆಂಬುದನ್ನು ನಿರ್ಣಯಿಸಬಲ್ಲ ಬಹುಮತ, ಎಲ್ಲ ಬರೆಹಗಳೂ ಅವರನ್ನು ತಲಪಿವೆಯೆಂಬುದಕ್ಕೆ ಹೊಣೆಯಾಗಲಾರದು. ಪೂರ್ವದಲ್ಲಿ ಕೆಲವು ಸೆಕೆಂಡುಗಳ ಬರೆಹಗಳು ಪಶ್ಚಿಮಕ್ಕೆ ಹೋಗದೆ ಉಳಿದಿದ್ದುವು; ಪಶ್ಚಿಮ ಹೊಸ ಬರೆಹಗಳನ್ನು ಸ್ವೀಕರಿಸತೊಡಗಿತ್ತು. ಎರಡನ್ನೂ ಉಳಿಸಲು ಹೊರಟ ಸಂಸ್ಥೆಯ ಸೇವೆ ಯಥಾಸ್ಥಿತಿಗೆ ಬರಲು 24 ಗಂಟೆ 11 ನಿಮಿಷ ಹಿಡಿಯಿತು.

ಕಡತಸರ್ವರುಗಳ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪವೇ. ಡಿಸ್ಕನ್ನೇ ತುಂಡುತುಂಡಾಗಿ ಪ್ರತಿಮಾಡುವ ಡಿಆರ್‌ಬಿಡಿಯಂಥ ತಂತ್ರಾಂಶಕ್ಕೆ ಎರಡನೆಯ ಡಿಸ್ಕು ಮೊದಲನೆಯದಕ್ಕಿಂತ ಕಿರಿದಾಗಿರಕೂಡದು. ಕಡತಗಳನ್ನು ಬಿಡಿಬಿಡಿಯಾಗಿ ಪ್ರತಿಮಾಡುವ ವಿಂಡೋಸಿನ ಡಿಎಫ್‌ಎಸ್ ರೆಪ್ಲಿಕೇಷನ್, ಎನ್‌ಟಿಎಫ್‌ಎಸ್ ರಚನೆಯ ಡಿಸ್ಕುಗಳಲ್ಲದೆ ಬೇರೆಯವನ್ನು ಒಪ್ಪದು; ಮೇಲಾಗಿ ತೆರೆದಿರುವ ಕಡತ ಮುಚ್ಚುವವರೆಗೂ ಕಾಯುತ್ತದೆ. ಹಗಲಿರುಳು ತೆರೆದೇ ಇರುವ ಡೇಟಾಬೇಸಿನ ಕಡತವನ್ನು ಅದಕ್ಕೆ ಒಪ್ಪಿಸಿದವರಿಗೆ ಎರಡನೆಯ ಯಂತ್ರದಲ್ಲಿ ದೊರೆಯುವುದು, ಆ ಕಡತವನ್ನು ಕೊನೆಯ ಸಲ ಮುಚ್ಚಿದ ದಿನದ ಪ್ರತಿ.