46 ಲಕ್ಷ ಕಿ.ಮೀ. ಓಡಿದ ಬೆಂಜ್

ಜರ್ಮನಿಯ ಮರ್ಸಿಡಿಸ್-ಬೆಂಜ್ ಕಂಪನಿಯ ವಸ್ತುಸಂಗ್ರಹದಲ್ಲಿ 1976ರ ಒಂದು 240ಡಿ ಟ್ಯಾಕ್ಸಿ ಇದೆ. ಗ್ರೀಸ್ ದೇಶದ ಚಾಲಕ ಗ್ರಿಗೋರಿಯೋಸ್ ಸಖಿನಿಡಿಸ್ 2004ರಲ್ಲಿ ಅದನ್ನು ಕಂಪನಿಗೆ ಒಪ್ಪಿಸುವ ಹೊತ್ತಿಗೆ ಅದು 46 ಲಕ್ಷ ಕಿಲೋಮೀಟರ್ ಓಡಿತ್ತು. ಈ ಸಂಗತಿಯನ್ನು ಓದಿದವರೆಲ್ಲ ಆ ದೊಡ್ಡ ಅಂಕಿಯ ಮುಂದೆ ನಿಂತುಬಿಡುತ್ತಾರೆ. ನನಗೆ ಈಗಲೂ ರೋಮಾಂಚನ ತರುವುದು ಅದರ ಹಿಂದಿರುವ ಸಣ್ಣ ಅಂಕಿ. 1981ರಲ್ಲಿ ಅವರು ಕೊಂಡದ್ದು ಸೆಕೆಂಡ್ ಹ್ಯಾಂಡ್ ಗಾಡಿ. ಆಗಲೇ ಅದು 2.2 ಲಕ್ಷ ಕಿ.ಮೀ. ಓಡಿ ಬಂದಿತ್ತು. ನಮ್ಮಲ್ಲಿ ಮೀಟರ್ ಅಷ್ಟು ತೋರಿಸಿದರೆ ಬಾನೆಟ್ ಎತ್ತಿ ನೋಡುವ ಮೊದಲೇ ಗಿರಾಕಿ ಹೊರಟುಹೋಗುತ್ತಾನೆ. ಹಳೆಯ ಯುರೋಪಿಯನ್ ಸೆಡಾನ್ ಕೊಳ್ಳುವವರು ಮೊದಲು ಬಿಡಬೇಕಾದದ್ದು ಈ ಭಯವನ್ನೇ. ಗಾಡಿ ಎಷ್ಟು ಓಡಿದೆ ಎಂಬುದಕ್ಕಿಂತ ಹೇಗೆ ಓಡಿದೆ, ಅದಕ್ಕೆ ಕಾಗದ ಇದೆಯೇ ಎಂಬುದು ಮುಖ್ಯ.

ಇದಕ್ಕೆ ಕೂಡಲೇ ಬರುವ ಆಕ್ಷೇಪ ನ್ಯಾಯವಾದದ್ದೇ. ಸಖಿನಿಡಿಸ್ ಮೂರು ಎಂಜಿನ್‌ಗಳನ್ನು ಇಟ್ಟುಕೊಂಡು, 11 ಸಲ ಅದಲುಬದಲು ಮಾಡಿದ್ದರು. ಹಾಗಿದ್ದರೆ ಓಡಿದ್ದು ಒಂದೇ ಕಾರು ಹೇಗಾದೀತು? ಆದರೆ ಈ ಬದಲಾವಣೆಗಳನ್ನು ಕೊಂಚ ಲೆಕ್ಕ ಹಾಕಿ ನೋಡಬೇಕು. 23 ವರ್ಷಗಳಲ್ಲಿ ಸುಮಾರು 44 ಲಕ್ಷ ಕಿ.ಮೀ. ಎಂದರೆ ಒಂದು ದಿನವೂ ಬಿಡದೆ ಓಡಿಸಿದರೂ ದಿನಕ್ಕೆ 500 ಕಿ.ಮೀ.ಗೂ ಹೆಚ್ಚು, ಹೆಚ್ಚುಕಡಿಮೆ ಬೆಂಗಳೂರಿನಿಂದ ಬೆಳಗಾವಿಯ ದೂರ. 11 ಬದಲಾವಣೆಗಳ ನಡುವೆ ಹಂಚಿದರೆ ಒಂದೊಂದು ಸರದಿಗೆ ಸರಾಸರಿ ಮೂರೂವರೆ ಲಕ್ಷ ಕಿ.ಮೀ. ಮೀರುತ್ತದೆ. ಒಂದು ಎಂಜಿನ್ ಗಾಡಿಯಲ್ಲಿ ದುಡಿಯುವಾಗ ಇನ್ನೊಂದು ರಿಪೇರಿಯಾಗಿ ಸಿದ್ಧವಿರುವ ಈ ಏರ್ಪಾಟು ಕೆಟ್ಟ ಮೇಲೆ ಓಡಾಡುವವನದಲ್ಲ, ಕೆಡುವ ಕಾಲವನ್ನು ಮುಂಚೆಯೇ ಗೊತ್ತುಮಾಡಿಕೊಂಡವನದು. ಜರ್ಮನ್ ಕಬ್ಬಿಣ ಸವೆಯುವುದೇ ಇಲ್ಲ ಎಂಬುದಕ್ಕೆ ಈ ಟ್ಯಾಕ್ಸಿ ಸಾಕ್ಷಿಯಲ್ಲ. ಸವೆಯುವುದನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಮೀಟರಿನ ಅಂಕಿಗೆ ಬೆಲೆಯಿಲ್ಲ ಎಂಬುದಕ್ಕೆ ಸಾಕ್ಷಿ. ಇನ್ನೂ ಒಂದು ಮಾತಿದೆ. ಎಂಜಿನ್ ಹೆಚ್ಚು ಸವೆಯುವುದು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಮೊದಲ ಕೆಲವು ನಿಮಿಷಗಳಲ್ಲಿ, ಆಯಿಲ್ ಎಲ್ಲ ಕಡೆ ಹರಿದು ಬಿಸಿಯಾಗುವ ಮುನ್ನ. ದಿನವಿಡೀ ಓಡುವ ಟ್ಯಾಕ್ಸಿಯ ಒಂದು ಲಕ್ಷ ಕಿ.ಮೀ.ಗಿಂತ, ಮನೆಯಿಂದ ನಾಲ್ಕು ಕಿ.ಮೀ. ದೂರದ ಆಫೀಸಿಗೆ ಹೋಗಿಬರುವ ಕಾರಿನ ಮೂವತ್ತು ಸಾವಿರ ಕಿ.ಮೀ. ಎಂಜಿನ್ನಿಗೆ ಕಷ್ಟವಾದೀತು.

ಕಡಿಮೆ ಓಡಿದ ಹಳೆಯ ಕಾರನ್ನು ನಾನು ಸಂಶಯದಿಂದ ನೋಡುವುದಕ್ಕೆ ಇನ್ನೊಂದು ಕಾರಣ ರಬ್ಬರು ಮತ್ತು ಪ್ಲಾಸ್ಟಿಕ್. ಅವು ಕಿಲೋಮೀಟರ್ ಎಣಿಸುವುದಿಲ್ಲ. ವರ್ಷ ಮತ್ತು ಶಾಖವನ್ನು ಎಣಿಸುತ್ತವೆ. ಗಟ್ಟಿತನಕ್ಕೆ ಹೆಸರಾದ ಬೆಂಜ್ ಡಬ್ಲ್ಯು124 ಮಾದರಿಯಲ್ಲೇ, 1990ರ ದಶಕದ ಮೊದಲರ್ಧದ ಹಲವು ಕಾರುಗಳಲ್ಲಿ ಎಂಜಿನ್ ವೈರಿಂಗಿನ ಮೇಲಿನ ಹೊದಿಕೆ ಶಾಖಕ್ಕೆ ಪುಡಿಪುಡಿಯಾಗಿ ಉದುರಿತು. ಬಿಎಂಡಬ್ಲ್ಯು ಇ46 ಕಾರಿನಲ್ಲಿ ಕೂಲಂಟ್ ತುಂಬುವ ಪ್ಲಾಸ್ಟಿಕ್ ಟ್ಯಾಂಕ್ ಸೀಳುವುದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ ಕಾಯಿಲೆ. ಷೆಡ್ಡಿನಲ್ಲಿ ಸುಮ್ಮನೆ ನಿಂತ ಕಾರಿನಲ್ಲೂ ಹೋಸ್ ಪೈಪು ಬಿರಿಯುತ್ತದೆ, ಬುಷ್ ಒಣಗುತ್ತದೆ. ಹಾಗಾಗಿ ಹದಿನೈದು ವರ್ಷದ ಕಾರು ನಲವತ್ತೇ ಸಾವಿರ ಓಡಿದೆ ಎಂದರೆ ಖುಷಿಪಡುವ ಬದಲು, ರಬ್ಬರು ಯಾವಾಗ ಬದಲಾಯಿತು ಎಂದು ಕೇಳಬೇಕು. ಬದಲಾಗದಿದ್ದರೆ ಆ ಖರ್ಚೆಲ್ಲ ಕೊಳ್ಳುವವನ ತಲೆಗೆ. ಎರಡು ಲಕ್ಷ ಓಡಿದ ಗಾಡಿಯ ಹಿಂದಿನ ಮಾಲೀಕ ಅದನ್ನು ಆಗಲೇ ಮಾಡಿಸಿ ಬಿಲ್ ಇಟ್ಟಿರುವ ಸಾಧ್ಯತೆ ಹೆಚ್ಚು.

ಹಳೆಯ ಸರಳ ಡೀಸೆಲ್‌ನ ಮಾತು ಇಂದಿನ ಕಾರುಗಳಿಗೆ ಅನ್ವಯಿಸದು ಎನ್ನುವವರಿದ್ದಾರೆ. ಅರ್ಧ ನಿಜ. ಬಿಎಂಡಬ್ಲ್ಯು 2007ರಲ್ಲಿ ತಂದ ಎನ್47 ಡೀಸೆಲ್ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಇರುವುದು ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕಡೆ. ಅದನ್ನು ಪೂರ್ತಿಯಾಗಿ ಬದಲಿಸಲು ಸಾಮಾನ್ಯವಾಗಿ ಎಂಜಿನ್ನನ್ನೇ ಇಳಿಸಬೇಕು. ಒಂದು ಲಕ್ಷ ಕಿ.ಮೀ. ಮುಟ್ಟುವ ಮೊದಲೇ ಚೈನ್ ಸವೆದ, ಕಡಿದ ಉದಾಹರಣೆಗಳಿವೆ. ಆದರೆ ಇದೂ ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ: ಇಂಥ ಎಂಜಿನ್ನಿನಲ್ಲಿ ಕಡಿಮೆ ಕಿಲೋಮೀಟರ್ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಈ ಎಂಜಿನ್ ಇರುವ ಬಿಎಂಡಬ್ಲ್ಯು 320ಡಿ 1.8 ಲಕ್ಷ ಕಿ.ಮೀ. ಓಡಿದ್ದರೂ ಚೈನ್ ಬದಲಿಸಿದ ಬಿಲ್ ಇದ್ದರೆ, ಬಿಲ್ ಇಲ್ಲದ 80 ಸಾವಿರ ಕಿ.ಮೀ.ನ 320ಡಿಗಿಂತ ಅದನ್ನು ಧೈರ್ಯವಾಗಿ ಕೊಳ್ಳಬಹುದು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುವ ಡೀಸೆಲ್‌ಗಳಿಗೂ ಇದೇ ನ್ಯಾಯ. ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿದಾಗ ಆ ಮಸಿ ಸುಟ್ಟುಹೋಗುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಕಾರಿನಲ್ಲಿ ಕಟ್ಟಿಕೊಳ್ಳುತ್ತದೆ.

ಬಿಡಿಭಾಗಗಳ ಬೆಲೆಯೇ ನಿಜವಾದ ತಡೆ, ಅದನ್ನು ಅಲ್ಲಗಳೆಯಲಾಗದು. ನಲವತ್ತು ಲಕ್ಷದ ಕಾರು ಹತ್ತು ಹನ್ನೆರಡು ವರ್ಷದಲ್ಲಿ ಹೊಸ ಹ್ಯಾಚ್‌ಬ್ಯಾಕ್ ದರಕ್ಕೆ ಇಳಿಯುತ್ತದೆ. ಅದರ ಹೆಡ್‌ಲೈಟ್, ಗೇರ್‌ಬಾಕ್ಸ್ ಇಳಿಯುವುದಿಲ್ಲ. ಆದ್ದರಿಂದ ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯುವುದು ಅವಿವೇಕ. ನನ್ನ ಅಂದಾಜಿನಲ್ಲಿ ಮೂರನೇ ಒಂದು ಪಾಲನ್ನು ಮೊದಲ ವರ್ಷದ ಕೆಲಸಕ್ಕೆ ಎತ್ತಿಡಬೇಕು: ಎಲ್ಲ ಆಯಿಲ್, ಕೂಲಂಟ್, ಬ್ರೇಕ್ ದ್ರವ, ಸಸ್ಪೆನ್ಷನ್ ಬುಷ್, ಎಂಜಿನ್ ಮೌಂಟಿಂಗ್. ಕಾರು ಕಂಪನಿಯ ಲಾಂಛನವಿರುವ ಡಬ್ಬಿಯೇ ಬೇಕೆಂಬ ಹಟವನ್ನೂ ಬಿಡಬಹುದು. ಬಾಷ್, ಜಾಕ್ಸ್, ಲೆಮ್‌ಫೋರ್ಡರ್, ಮಾನ್ ಮುಂತಾದವರು ಕಾರ್ಖಾನೆಗಳಿಗೆ ಒದಗಿಸುವ ಭಾಗಗಳನ್ನೇ ತಮ್ಮ ಹೆಸರಿನಲ್ಲಿ ಕಡಿಮೆ ಬೆಲೆಗೆ ಮಾರುತ್ತಾರೆ. ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ದಶಕಗಳ ಕಾಲ ಬಾಷ್ ಡೀಸೆಲ್ ಪಂಪುಗಳು ತಯಾರಾದ ಊರು ಬೆಂಗಳೂರು. ಇಲ್ಲಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಾಗದವನ್ನು ನಂಬುವುದಾದರೂ ಹೇಗೆ ಎಂಬುದು ಕೊನೆಯ ಆಕ್ಷೇಪ. ಮೀಟರ್ ತಿರುಗಿಸುವವರು ಬಿಲ್ ಬರೆಯಲಾರರೇ? ಬರೆಯಬಲ್ಲರು. ಜರ್ಮನಿ 2005ರಲ್ಲಿ ಮೀಟರ್ ತಿದ್ದುವುದನ್ನೇ ಅಪರಾಧವಾಗಿಸಿತು. ಬೆಲ್ಜಿಯಂ ಇನ್ನೂ ಜಾಣ ದಾರಿ ಹಿಡಿಯಿತು. 2006ರಿಂದ ಜಾರಿಯಲ್ಲಿರುವ ಅಲ್ಲಿಯ ‘ಕಾರ್-ಪಾಸ್’ ವ್ಯವಸ್ಥೆಯಲ್ಲಿ, ಕಾರಿಗೆ ಕೈಹಾಕಿದ ಗ್ಯಾರೇಜು ಮತ್ತು ತಪಾಸಣಾ ಕೇಂದ್ರಗಳು ಅಂದಿನ ಕಿಲೋಮೀಟರನ್ನು ಒಂದೇ ಕಡೆ ದಾಖಲಿಸಲೇಬೇಕು. ಮಾರುವವನು ಆ ಪತ್ರ ಕೊಡದಿದ್ದರೆ ಕೊಂಡವನು ವ್ಯಾಪಾರವನ್ನೇ ರದ್ದು ಮಾಡಿಸಬಹುದು. ನಮ್ಮಲ್ಲಿ ಅಂಥ ಕಡ್ಡಾಯ ಪತ್ರವಿಲ್ಲ. ಇರುವ ದಾರಿ ಚಾಸಿ ನಂಬರ್ ಹಿಡಿದು ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಇತಿಹಾಸ ಕೇಳುವುದು, ಬಿಲ್ಲುಗಳ ದಿನಾಂಕ ಮತ್ತು ಕಿ.ಮೀ. ತಾಳೆ ನೋಡುವುದು. ಆದರೆ ಪ್ರತಿಯೊಂದು ಹಳೆಯ ಕಾರೂ ಹೊಗೆ ತಪಾಸಣೆಗೆ ಹೋಗಲೇಬೇಕು, ವಿಮೆ ನವೀಕರಿಸಲೇಬೇಕು. ಆ ಎರಡು ಸಂದರ್ಭಗಳಲ್ಲಿ ಮೀಟರಿನ ಅಂಕಿಯನ್ನೂ ಕಡ್ಡಾಯವಾಗಿ ಬರೆದುಕೊಂಡು, ಆರ್‌ಸಿ ವಿವರ ಸಿಗುವ ವಾಹನ್ ಜಾಲತಾಣದಲ್ಲೇ ಕೊಳ್ಳುವವರಿಗೆ ತೋರಿಸುವುದಕ್ಕೆ ಹೊಸ ಕಚೇರಿಯೂ ಬೇಡ, ಹೊಸ ಸಿಬ್ಬಂದಿಯೂ ಬೇಡ. ಸಾರಿಗೆ ಸಚಿವಾಲಯ ಇದನ್ನು ಇಷ್ಟು ಹೊತ್ತಿಗೆ ಮಾಡಿರಬೇಕಿತ್ತು.