ಒಂದೇ ಅಂಕಿ ನಂಬಿ ಹಲಗೆ ಕೊಳ್ಳಬೇಡಿ

ಸಭಾಂಗಣದ ಗೋಡೆಗೆ, ಚಾವಣಿಗೆ ಹೊಡೆಯುವ ಧ್ವನಿ ಹೀರುವ ಹಲಗೆಗಳ ಜೊತೆಗೆ ಎನ್‌ಆರ್‌ಸಿ ಎಂಬ ಒಂದು ಅಂಕಿಯೂ ಬರುತ್ತದೆ. ಸೊನ್ನೆ ಎಂದರೆ ಸದ್ದೆಲ್ಲ ವಾಪಸು, ಒಂದು ಎಂದರೆ ಎಲ್ಲವೂ ಹಲಗೆಯ ಪಾಲು. ಅಂಕಿ ಸುಳ್ಳಲ್ಲ, ಆದರೆ ಅದರ ಹಿಂದಿನ ಅಳತೆ ಹೇಳುವಷ್ಟನ್ನು ಅದು ಹೇಳುವುದಿಲ್ಲ.

ಆ ಅಳತೆಯ ಬೇರು ಹಳೆಯದು. 1895ರಲ್ಲಿ ಹಾರ್ವರ್ಡ್‌ನ ಫಾಗ್ ಮ್ಯೂಸಿಯಂನ ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ಒಂದು ಪದ ಅಡಗುವ ಮೊದಲೇ ಮುಂದಿನ ಹತ್ತಾರು ಪದಗಳು ಅದರ ಮೇಲೆ ಬೀಳುತ್ತಿದ್ದವು. ಇದನ್ನು ಸರಿಪಡಿಸುವ ಹೊಣೆ ಬಿದ್ದದ್ದು ಭೌತವಿಜ್ಞಾನಿ ವಾಲೇಸ್ ಸಬೈನ್ ಮೇಲೆ. ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ತರಿಸಿ ಹಾಸಿ, 512 ಹರ್ಟ್ಸ್‌ನ ಆರ್ಗನ್ ಕೊಳವೆಯನ್ನು ನುಡಿಸಿ ನಿಲ್ಲಿಸಿ, ಸದ್ದು ಕಿವಿಗೆ ಕೇಳದಾಗುವವರೆಗಿನ ಹೊತ್ತನ್ನು ಅವರು ಅಳೆದರು. ಮೆತ್ತೆ ಹೆಚ್ಚಿದಂತೆ ಹೊತ್ತು ಇಳಿಯುತ್ತ ಒಂದು ಸೆಕೆಂಡಿನ ಆಸುಪಾಸಿಗೆ ಬಂತು. ಹೊರಹೋದ ಸದ್ದು ಮರಳದ ತೆರೆದ ಕಿಟಕಿಯೇ ಅವರ ಮಾನದಂಡ. ಇಂದಿನ ಪ್ರಯೋಗಾಲಯವೂ ಮೂಲತಃ ಇದನ್ನೇ ಮಾಡುತ್ತದೆ: ಬರಿಗೋಡೆಯ ಕೋಣೆಯಲ್ಲಿ ಸದ್ದು 60 ಡೆಸಿಬೆಲ್ ಇಳಿಯಲು ಹಿಡಿಯುವ ಕಾಲವನ್ನು ಮೊದಲು ಖಾಲಿಯಾಗಿ, ಆಮೇಲೆ 10–12 ಚದರ ಮೀಟರ್ ಮಾದರಿ ಹಾಸಿ ನೋಡುತ್ತಾರೆ. ಎರಡರ ವ್ಯತ್ಯಾಸದಿಂದ ಮಾದರಿ ಹೀರಿದ ಪಾಲನ್ನು ಲೆಕ್ಕ ಹಾಕುತ್ತಾರೆ. ಉತ್ತರ ಒಮ್ಮೊಮ್ಮೆ 1.05 ಎಂದೂ ಬರುವುದುಂಟು. ನೂರಕ್ಕೆ ನೂರೈದು ಹೀರುವುದೇ ಎಂದು ನಗುವವರಿದ್ದಾರೆ. ಆದರೆ ಇದು ಮೋಸವಲ್ಲ. ಅಂಚಿನಲ್ಲಿ ಸದ್ದು ಬಾಗುವುದರಿಂದ ಮಾದರಿ ತನ್ನ ಅಳತೆಗಿಂತ ಹೆಚ್ಚು ಜಾಗದ ಸದ್ದನ್ನು ಸೆಳೆಯುತ್ತದೆ, ಭಾಗಿಸುವುದು ಮಾತ್ರ ಅದರ ಮೇಲ್ಮೈಯ ವಿಸ್ತೀರ್ಣದಿಂದ.

ನಿಜವಾದ ತೊಡಕು ಸರಾಸರಿಯಲ್ಲಿದೆ. 250, 500, 1000, 2000 ಹರ್ಟ್ಸ್‌ಗಳ ನಾಲ್ಕು ಅಳತೆಗಳನ್ನು ಕೂಡಿಸಿ ಭಾಗಿಸಿದರೆ ಎನ್‌ಆರ್‌ಸಿ. ಆ ನಾಲ್ಕರಲ್ಲಿ ಒಂದು ಹಲಗೆ 0.20, 0.40, 0.60, 0.80 ಹೀರಿತೆನ್ನಿ, ಇನ್ನೊಂದು ಅದೇ ಅಂಕಿಗಳನ್ನು ತಿರುವುಮುರುವಾಗಿ ಕೊಟ್ಟಿತೆನ್ನಿ. ಎರಡಕ್ಕೂ ಎನ್‌ಆರ್‌ಸಿ 0.50, ಕೋಣೆಯಲ್ಲಿ ಕೇಳುವುದು ಮಾತ್ರ ಬೇರೆ ಬೇರೆ. ಡೊಳ್ಳಿನ, ದೊಡ್ಡ ಸ್ಪೀಕರುಗಳ 125 ಹರ್ಟ್ಸ್‌ನ ತಗ್ಗು ಸದ್ದಂತೂ ಲೆಕ್ಕಕ್ಕೇ ಬರುವುದಿಲ್ಲ, ತೆಳು ಹಲಗೆಗಳು ಸೋಲುವುದೂ ಅಲ್ಲಿಯೇ. ಗೋಡೆಗೆ ಅಂಟಿಸುವ ಬದಲು ಹಿಂದೆ ಗಾಳಿಗೆ ಜಾಗ ಬಿಟ್ಟರೆ ತಗ್ಗು ಸದ್ದನ್ನು ಹೀರುವ ಶಕ್ತಿ ಹೆಚ್ಚುತ್ತದೆ. ಸಾಮಾನ್ಯ ಗಿರಾಕಿಗೆ ಅಳತೆಗಳ ಇಡೀ ಪಟ್ಟಿ ಕೊಟ್ಟರೆ ಗೊಂದಲ, ಒಂದು ಅಂಕಿಯೇ ವಾಸಿ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ತರಗತಿಯಲ್ಲಿ ಮಾತು ಸ್ಪಷ್ಟವಾದರೆ ಸಾಕೆನ್ನುವವರಿಗೆ ಅದೇ ಸಾಕಾದೀತು. ಸಂಗೀತ, ನಾಟಕ ನಡೆಯುವ ಕಡೆಗೆ ಸಾಲದು. ಅಂಥ ಕಡೆಗೆ ಕೊಳ್ಳುವಾಗ 125 ಹರ್ಟ್ಸ್‌ನಿಂದ ಹಿಡಿದು ಪ್ರತಿ ಆವರ್ತನದ ಪಟ್ಟಿ ಕೇಳಿ, ಪರೀಕ್ಷೆಯಲ್ಲಿ ಹಲಗೆಯನ್ನು ಹೇಗೆ ಕೂರಿಸಿದ್ದರೆಂದೂ ಕೇಳಿ.